ಕೂಸು ಬಡವಾಗದಂತೆ: ಆಶ್ರಯಧಾಮದ ಮಗು ಮತ್ತು ಅದರ ನುಡಿ

ದಾಂಪತ್ಯದ ಕಲಹವನ್ನು ಕುರಿತು ಕನ್ನಡದಲ್ಲಿ ಎರಡು ಗಾದೆಗಳು ಜನಜನಿತವಾಗಿವೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಒಂದು. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬುದು ಇನ್ನೊಂದು. ಮೊದಲನೆಯದು ಆ ಕಲಹವನ್ನು ನಾಲ್ಕು ಗೋಡೆಗಳ ಒಳಗಿನ, ಇರುಳು ಕಳೆಯುವಷ್ಟರಲ್ಲಿ ಮರೆಯಾಗುವ ಸಂಗತಿಯೆಂದು ಬಗೆಯುತ್ತದೆ. ಎರಡನೆಯದು ಅದೇ ಮನೆಯ ಮೂಲೆಯಲ್ಲಿ ಕುಳಿತಿರುವ ಮೂರನೆಯ ಜೀವವನ್ನು ಕಂಡು ನುಡಿಯುತ್ತದೆ. ಎರಡೂ ಗಾದೆಗಳು ‘ಜಗಳ’ ಎಂಬ ಪದವನ್ನೇ ಬಳಸುತ್ತವೆಯೆಂಬುದು ಗಮನಾರ್ಹ. ಜಗಳವೆಂದರೆ ಸರಿಸಮಾನರ ನಡುವಿನ ವ್ಯವಹಾರ. ಒಬ್ಬರು ಹೊಡೆಯುವ, ಬೆದರಿಸುವ, ಹಣವನ್ನೂ ಹೊರಗಿನ ಸಂಪರ್ಕವನ್ನೂ ಹಿಡಿತದಲ್ಲಿಟ್ಟುಕೊಳ್ಳುವ, ಇನ್ನೊಬ್ಬರು ಸಹಿಸಿಕೊಳ್ಳುವ ಬದುಕಿಗೆ ಆ ಹೆಸರು ಒಪ್ಪುವುದಿಲ್ಲ. ಅದು ದೌರ್ಜನ್ಯ. ಆದರೂ ಕೂಸು ಬಡವಾಗುವುದನ್ನು ಗುರುತಿಸಿದ ಜನಪದರ ಕಣ್ಣು ಸೂಕ್ಷ್ಮವಾದುದೆಂಬುದರಲ್ಲಿ ಸಂದೇಹವಿಲ್ಲ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಅಥವಾ ಹಿಂದೆ ವಿವಾಹಿತರಾಗಿದ್ದ ಮಹಿಳೆಯರಲ್ಲಿ ಭಾರತದಾದ್ಯಂತ ಶೇ. 29.3ರಷ್ಟು ಮಂದಿ ಪತಿಯ ಹಿಂಸೆಯನ್ನು ಅನುಭವಿಸಿದವರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 44.4. ಈ ಅಂಕಿಗಳಲ್ಲಿ ಆ ಮನೆಗಳ ಮಕ್ಕಳು ಕಾಣಿಸುವುದಿಲ್ಲ. ತಾಯಿಯೊಡನೆ ಮನೆ ತೊರೆದು ಆಶ್ರಯಧಾಮವನ್ನು ಸೇರಿದ ಮೇಲೂ ಅವರು ಬಹುಮಟ್ಟಿಗೆ ಕಾಣಿಸದೆಯೇ ಉಳಿಯುತ್ತಾರೆ. ದಾಖಲೆಯ ಪುಸ್ತಕದಲ್ಲಿ ತಾಯಿಯ ಹೆಸರಿನ ಕೆಳಗೆ ‘ಜೊತೆಯಲ್ಲಿ ಇಬ್ಬರು ಮಕ್ಕಳು’ ಎಂಬ ಒಂದು ಸಾಲಿನಲ್ಲಿ ಅವರ ಕಥೆ ಮುಗಿಯುತ್ತದೆ. ಆಶ್ರಯಧಾಮಕ್ಕೆ ಬಂದ ಮಗು ತಾಯಿಯ ಅನುಬಂಧವಲ್ಲ, ತನ್ನದೇ ಆದ ಹಾನಿ, ತನ್ನದೇ ಆದ ಹಕ್ಕು ಮತ್ತು ತನ್ನದೇ ಆದ ನುಡಿಯುಳ್ಳ ವ್ಯಕ್ತಿ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನಲ್ಲಿರುವ ಕನ್ನಡದ ಮಗುವಿನ ದೃಷ್ಟಿಯಿಂದ ಈ ಮೂರನೆಯ ಅಂಶಕ್ಕೆ ವಿಶೇಷ ಮಹತ್ವವಿದೆ.

1. ಆಶ್ರಯದ ಕಲ್ಪನೆ

ಕನ್ನಡ ಹೆಣ್ಣಿನ ಪಾಲಿಗೆ ಪರಂಪರೆ ಒದಗಿಸಿದ ಆಶ್ರಯಸ್ಥಾನವೆಂದರೆ ತವರು. ಜನಪದ ತ್ರಿಪದಿಗಳಲ್ಲಿ ತವರಿಗೆ ಸಿಕ್ಕಿರುವ ಸ್ಥಾನವನ್ನು ಬೇರೆ ಯಾವ ಸ್ಥಳವೂ ಪಡೆದಿಲ್ಲವೆಂದರೆ ಅತಿಶಯೋಕ್ತಿಯಾಗದು. ಆದರೆ ತವರಿನ ಬಾಗಿಲು ಸದಾ ತೆರೆದಿರುವುದಿಲ್ಲ. ತಂದೆತಾಯಿಗಳು ಗತಿಸಿದ ಮೇಲೆ, ಅಣ್ಣತಮ್ಮಂದಿರ ಸಂಸಾರ ಬೆಳೆದ ಮೇಲೆ, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಭಾವನೆ ಬಲವಾದ ಮೇಲೆ, ಆ ಬಾಗಿಲು ಮುಚ್ಚುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಗಳಿಂದ ಕೂಲಿಗಾಗಿ ಮುಂಬಯಿ, ಪುಣೆಗಳಿಗೆ ಬಂದ ಹೆಣ್ಣಿಗೆ ತವರು ದೂರದಲ್ಲೂ ಇದೆ. ತವರು ಎಟುಕದಾದಾಗ ಸಮಾಜ ಕಟ್ಟಿಕೊಡಬೇಕಾದ ಮನೆಯೇ ಆಶ್ರಯಧಾಮ.

ಮುಂಬಯಿಯ ಮಟ್ಟಿಗೆ ಈ ಕಲ್ಪನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದಲ್ಲಿ, ಎಂದರೆ ಇಂದಿನ ಕರ್ನಾಟಕದ ಮಣ್ಣಿನಲ್ಲಿ, ಜನಿಸಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಆಶ್ರಯ ಪಡೆದ ವಿಧವೆಯರಲ್ಲಿ ಎಳೆಯ ಹುಡುಗಿಯರೂ ಇದ್ದರು. ಆಶ್ರಯ ಬೇಡಿ ಬಂದವಳೇ ಮಗುವಾಗಿದ್ದುದರಿಂದ ಅಲ್ಲಿ ಆಶ್ರಮವೂ ಶಾಲೆಯೂ ಒಂದೇ ಸೂರಿನಡಿ ಇದ್ದವು. ಅಮೆರಿಕೆಯಲ್ಲಿದ್ದಾಗ ರಮಾಬಾಯಿ ಶಿಶುವಿಹಾರ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಸಿಸಿದ್ದರೆಂಬುದೂ ಇಲ್ಲಿ ಸ್ಮರಣೀಯ. ಅದೇ ಕಾಲಘಟ್ಟದಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾಗಿರುವ ಈ ಕೃತಿಯ ಕಥೆಯೂ ಒಂದು ಆಶ್ರಯದ ಸುತ್ತಲೇ ತಿರುಗುತ್ತದೆ. ಎಳೆಯ ವಿಧವೆ ಇಂದಿರೆ ಮನೆಯಿಂದ ಹೊರಬಿದ್ದು ಅಮೃತರಾಯರ ಮನೆಯಲ್ಲಿ ರಕ್ಷಣೆಯನ್ನೂ ವಿದ್ಯೆಯನ್ನೂ ಪಡೆಯುತ್ತಾಳೆ. ಆಶ್ರಯವೆಂದರೆ ಅನ್ನ ಮತ್ತು ಸೂರು ಮಾತ್ರವಲ್ಲ, ಬೆಳೆಯಲು ಬೇಕಾದ ಅವಕಾಶವೂ ಹೌದೆಂಬ ತಿಳಿವಳಿಕೆ ಆ ಕಾಲದಲ್ಲಿಯೇ ಇತ್ತು.

ದೌರ್ಜನ್ಯಕ್ಕೊಳಗಾದ ಪತ್ನಿಯರಿಗಾಗಿಯೇ ಮೀಸಲಾದ ಆಧುನಿಕ ಆಶ್ರಯಧಾಮಗಳ ಚಳವಳಿಯಲ್ಲಿ 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಆರಂಭಿಸಿದ ಮನೆಗೆ ಪ್ರಮುಖ ಸ್ಥಾನವಿದೆ. ತಾಯಂದಿರು ಮಕ್ಕಳನ್ನು ಕರೆದುಕೊಂಡೇ ಬಂದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಮಹಿಳಾ ನೆರವು ಒಕ್ಕೂಟ ತನ್ನ ಧ್ಯೇಯಗಳಲ್ಲಿ ಮಕ್ಕಳ ಭಾವನಾತ್ಮಕ ಹಾಗೂ ಶೈಕ್ಷಣಿಕ ಅಗತ್ಯಗಳನ್ನು ಗುರುತಿಸುವುದನ್ನೂ ಸೇರಿಸಿಕೊಂಡಿತು. ಆದರೂ ಆ ದೇಶದ ಕಾನೂನು ಮಗುವನ್ನು ಪೂರ್ಣವಾಗಿ ಗುರುತಿಸಲು ಅರ್ಧ ಶತಮಾನ ಬೇಕಾಯಿತು. 2021ರ ಗೃಹ ದೌರ್ಜನ್ಯ ಕಾಯಿದೆಯ 3ನೆಯ ಕಲಮಿನಂತೆ, ಮನೆಯೊಳಗಿನ ದೌರ್ಜನ್ಯವನ್ನು ಕಂಡ, ಕೇಳಿದ ಅಥವಾ ಅದರ ಪರಿಣಾಮವನ್ನು ಅನುಭವಿಸಿದ ಮಗು ಕೇವಲ ಸಾಕ್ಷಿಯಲ್ಲ, ಅದೂ ದೌರ್ಜನ್ಯಕ್ಕೊಳಗಾದ ವ್ಯಕ್ತಿಯೇ.

ಭಾರತದಲ್ಲಿ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದರ ಕೇಂದ್ರದಲ್ಲಿರುವವಳು ಬಾಧಿತ ಮಹಿಳೆ. ಮಗು ಬಹುಮಟ್ಟಿಗೆ ಅವಳ ಮೂಲಕವೇ ಕಾಯಿದೆಯೊಳಕ್ಕೆ ಪ್ರವೇಶಿಸುತ್ತದೆ. ಕಾನೂನಿನ ಈ ರಚನೆಯೇ ಆಶ್ರಯಧಾಮದ ದಿನಚರಿಯಲ್ಲೂ ಪ್ರತಿಫಲಿಸುತ್ತದೆ.

2. ಮಗು ಹೊತ್ತು ತರುವ ಹೊರೆ

ಪೆಟ್ಟು ತನ್ನ ಮೈಮೇಲೆ ಬೀಳದಿದ್ದರೂ ಮಗುವಿಗೆ ಪೆಟ್ಟಾಗಿರುತ್ತದೆ. ಹಿಂಸೆಯ ಮನೆಯಲ್ಲಿ ಬೆಳೆಯುವ ಮಗು ಬಾಗಿಲ ಸದ್ದು, ಹೆಜ್ಜೆಯ ಭಾರ, ಪಾತ್ರೆ ಇಡುವ ರೀತಿಗಳಿಂದಲೇ ಮುಂದೇನಾಗುವುದೆಂದು ಊಹಿಸುವುದನ್ನು ಕಲಿತಿರುತ್ತದೆ. ಈ ನಿರಂತರ ಎಚ್ಚರ ಆಶ್ರಯಧಾಮದ ಹೊಸ್ತಿಲು ದಾಟಿದೊಡನೆ ಕಳಚಿಬೀಳುವುದಿಲ್ಲ.

ವಯಸ್ಸಿಗೆ ತಕ್ಕಂತೆ ಅದರ ರೂಪ ಬೇರೆಯಾಗುತ್ತದೆ. ಹಸುಗೂಸು ನಿದ್ರೆಗೆಡುತ್ತದೆ, ಹಾಲು ಕುಡಿಯದು, ಸಮಾಧಾನಗೊಳ್ಳದು. ಮೂರರಿಂದ ಆರು ವರ್ಷದ ಮಗು ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳಬಹುದು, ತಾಯಿಯ ಸೆರಗನ್ನು ಬಿಡದಿರಬಹುದು, ಕಲಿತ ಮಾತನ್ನೇ ಮರೆತಂತೆ ವರ್ತಿಸಬಹುದು. ಶಾಲೆಗೆ ಹೋಗುವ ವಯಸ್ಸಿನ ಮಗು ಕಾರಣವಿಲ್ಲದ ಹೊಟ್ಟೆನೋವು, ತಲೆನೋವುಗಳನ್ನು ಹೇಳುತ್ತದೆ. ಮನೆಯಲ್ಲಿ ನಡೆದುದಕ್ಕೆಲ್ಲ ತಾನೇ ಕಾರಣವೆಂದು ಒಳಗೊಳಗೆ ನಂಬಿರುತ್ತದೆ. ಅಂಕಪಟ್ಟಿ ತೋರಿಸಿದ ದಿನವೇ ಅಪ್ಪ ಅಮ್ಮನನ್ನು ಹೊಡೆದಿದ್ದರೆ, ಆ ಎರಡನ್ನೂ ಮಗು ಕಾರ್ಯಕಾರಣದ ಎಳೆಯಿಂದ ಬೆಸೆಯುತ್ತದೆ. ಹದಿಹರೆಯದವರಲ್ಲಿ ಸಿಟ್ಟು ಮತ್ತು ನಾಚಿಕೆ ಎರಡೂ ಇರುತ್ತವೆ. ತಮ್ಮತಂಗಿಯರಿಗೆ ತಾಯಾಗಿ, ತಾಯಿಗೆ ಕಾವಲುಗಾರಳಾಗಿ ನಿಂತ ಹನ್ನೆರಡರ ಹುಡುಗಿಗೆ ಬಾಲ್ಯವೆಂಬುದೇ ಉಳಿದಿರುವುದಿಲ್ಲ. ಎಲ್ಲ ಮಕ್ಕಳೂ ಹೀಗೆ ವರ್ತಿಸಬೇಕೆಂದೇನೂ ಇಲ್ಲ. ಅತಿ ವಿಧೇಯವಾಗಿ, ಸದ್ದಿಲ್ಲದೆ ಇರುವ ಮಗುವನ್ನು ‘ಒಳ್ಳೆಯ ಮಗು’ ಎಂದು ಮರೆತುಬಿಡುವ ಅಪಾಯವೇ ಹೆಚ್ಚು.

ಇವೆಲ್ಲದರ ಜೊತೆಗೆ ಅಗಲಿಕೆಯ ದುಃಖವಿದೆ. ತಾಯಿ ಅವಸರದಲ್ಲಿ ಹೊರಟಾಗ ಶಾಲೆಯ ಚೀಲ, ಕ್ರಿಕೆಟ್ ಬ್ಯಾಟು, ಸಾಕಿದ ಬೆಕ್ಕು, ಎದುರು ಮನೆಯ ಗೆಳತಿ ಎಲ್ಲವೂ ಹಿಂದೆ ಉಳಿಯುತ್ತವೆ. ತಂದೆಯೂ ಹಿಂದೆ ಉಳಿಯುತ್ತಾನೆ. ಹೊಡೆಯುತ್ತಿದ್ದ ತಂದೆಯನ್ನೇ ಮಗು ನೆನೆದು ಅಳುವುದು ದೊಡ್ಡವರಿಗೆ ವಿಚಿತ್ರವೆನಿಸಬಹುದು. ಆದರೆ ಭಾನುವಾರ ಕಡಲ ದಂಡೆಗೆ ಕರೆದೊಯ್ದವನೂ ಅವನೇ ಆಗಿರುತ್ತಾನೆ. ಪ್ರೀತಿ ಮತ್ತು ಭಯ ಒಂದೇ ವ್ಯಕ್ತಿಯ ಕಡೆಗೆ ಹರಿಯಬಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಆಶ್ರಯಧಾಮದ ಕಾರ್ಯಕರ್ತರಿಗೆ ಇರಬೇಕಾದ ಮೊದಲ ವಿವೇಕ.

3. ಆಶ್ರಯಧಾಮ ಮಾಡಬಹುದಾದುದು

ಮೊದಲನೆಯದು, ಮಗುವಿಗೆ ಪ್ರತ್ಯೇಕ ದಾಖಲೆ. ಅದರ ಹೆಸರು, ವಯಸ್ಸು, ಮನೆಮಾತು, ಓದುತ್ತಿದ್ದ ತರಗತಿ, ಯಾವುದಕ್ಕೆ ಹೆದರುತ್ತದೆ, ಏನನ್ನು ಇಷ್ಟಪಡುತ್ತದೆ, ಯಾರನ್ನು ನಂಬುತ್ತದೆ ಎಂಬ ವಿವರಗಳು ಅದರಲ್ಲಿರಬೇಕು. ಬಂದ ದಿನವೇ ಮಗುವಿಗೆ ಮನೆಯನ್ನು ತೋರಿಸಿ, ಮಲಗುವ ಸ್ಥಳ, ಶೌಚಾಲಯ, ಇರುಳಿನಲ್ಲಿ ಕರೆಯಬಹುದಾದ ವ್ಯಕ್ತಿ ಇವನ್ನು ಅದಕ್ಕೇ ನೇರವಾಗಿ ಹೇಳಬೇಕು.

ಎರಡನೆಯದು, ಸತ್ಯವನ್ನು ವಯಸ್ಸಿಗೆ ತಕ್ಕಂತೆ ತಿಳಿಸುವುದು. ‘ಅಜ್ಜಿಯ ಊರಿಗೆ ಬಂದಿದ್ದೇವೆ’ ಎಂಬ ಸುಳ್ಳು ಒಂದು ದಿನ ನಡೆಯಬಹುದು. ಎರಡನೆಯ ದಿನ ಮಗು ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ. ‘ಮನೆಯಲ್ಲಿ ನಡೆದದ್ದು ನಿನ್ನ ತಪ್ಪಲ್ಲ’, ‘ಹೊಡೆಯುವುದು ಸರಿಯಲ್ಲ’, ‘ನಿನ್ನನ್ನು ಕಾಯುವುದು ದೊಡ್ಡವರ ಕೆಲಸ’ ಎಂಬ ಮೂರು ಸರಳ ವಾಕ್ಯಗಳನ್ನು ಮಗು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಮಗು ತಾನಾಗಿ ಮಾತನಾಡಿದಾಗ ಆಲಿಸಬೇಕೇ ಹೊರತು ಕೆದಕಿ ಕೇಳಬಾರದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನು ಕೊಡಲೂ ಬಾರದು. ಮಗುವಿನ ರಕ್ಷಣೆಗೆ ಅಗತ್ಯವಾದಾಗ ಆ ಮಾತನ್ನು ಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ.

ಮೂರನೆಯದು, ತಾಯಿಮಗುವಿನ ಸಂಬಂಧದ ದುರಸ್ತಿ. ದೌರ್ಜನ್ಯ ಎಸಗುವವನು ಮಕ್ಕಳ ಎದುರಿನಲ್ಲಿಯೇ ತಾಯಿಯನ್ನು ಹೀಯಾಳಿಸಿ ಅವಳ ಮಾತಿಗೆ ಬೆಲೆಯಿಲ್ಲದಂತೆ ಮಾಡಿರುತ್ತಾನೆ. ಆಶ್ರಯಧಾಮದ ಸಿಬ್ಬಂದಿಯೂ ಮಕ್ಕಳ ಮುಂದೆ ಅವಳನ್ನು ಗದರಿದರೆ ಹಳೆಯ ಮನೆಯೇ ಇಲ್ಲಿಯೂ ಮುಂದುವರಿದಂತಾಗುತ್ತದೆ. ದಣಿದ ತಾಯಿ ಮಗುವಿನ ಮೇಲೆ ಕೈಮಾಡುವುದೂ ಉಂಟು. ಈ ಸೂರಿನಡಿ ಯಾರೂ ಯಾರನ್ನೂ ಹೊಡೆಯಬಾರದೆಂಬ ನಿಯಮ ಎಲ್ಲರಿಗೂ ಸಮಾನವಾಗಿರಬೇಕು. ನಿಯಮದ ಜೊತೆಗೆ ತಾಯಿಗೆ ದಿನಕ್ಕೆ ಒಂದು ಗಂಟೆಯ ಬಿಡುವೂ ದೊರೆಯಬೇಕು. ಬಿಡುವಿಲ್ಲದ ನಿಯಮ ತಾಯಿಯ ಮೇಲೆ ಇನ್ನೊಂದು ಹೊರೆಯಾಗುತ್ತದೆ.

ನಾಲ್ಕನೆಯದು, ಆಟ ಮತ್ತು ದಿನಚರಿ. ಊಟ, ಪಾಠ, ಆಟ, ನಿದ್ರೆಗಳು ನಿಗದಿತ ಹೊತ್ತಿಗೆ ನಡೆದರೆ ಮುಂದೇನಾಗುವುದೋ ಎಂಬ ಆತಂಕ ತಗ್ಗುತ್ತದೆ. ಬಣ್ಣದ ಪೆನ್ಸಿಲು, ಗೊಂಬೆ, ಮಣ್ಣು ಇವು ಮಗುವಿನ ಕೈಯಲ್ಲಿ ಮಾತಿಗೆ ಬದಲಾಗಿ ಒದಗುತ್ತವೆ.

ಐದನೆಯದು, ಅಣ್ಣತಂಗಿಯರನ್ನು ಅಗಲಿಸದಿರುವುದು. 2015ರ ಸ್ವಾಧಾರ್ ಗೃಹ ಯೋಜನೆಯ ಮಾರ್ಗಸೂಚಿಯಲ್ಲಿ ಹೆಣ್ಣುಮಕ್ಕಳು 18 ವರ್ಷದವರೆಗೆ, ಗಂಡುಮಕ್ಕಳು 8 ವರ್ಷದವರೆಗೆ ಮಾತ್ರ ತಾಯಿಯೊಡನೆ ಇರಬಹುದೆಂದೂ ಅದಕ್ಕಿಂತ ದೊಡ್ಡ ಗಂಡುಮಕ್ಕಳನ್ನು ಬಾಲಗೃಹಗಳಿಗೆ ಕಳುಹಿಸಬೇಕೆಂದೂ ಇತ್ತು. 2022ರ ಮಿಷನ್ ಶಕ್ತಿ ಕಾರ್ಯಕ್ರಮದಲ್ಲಿ ಆ ಯೋಜನೆ ಶಕ್ತಿ ಸದನವೆಂಬ ಹೊಸ ಹೆಸರಿನಲ್ಲಿ ವಿಲೀನವಾಯಿತು. ವಯಸ್ಸಿನ ಗೆರೆ ಎಲ್ಲಿಯೇ ಇರಲಿ, ಅದನ್ನು ದಾಟಿದ ಹುಡುಗನ ಪ್ರಶ್ನೆ ಉಳಿದೇ ಇರುತ್ತದೆ. ತಾಯಿಯನ್ನು ಹೊಡೆತದಿಂದ ಬಿಡಿಸಲು ನಡುವೆ ನಿಂತ ಹತ್ತು ವರ್ಷದ ಹುಡುಗನನ್ನು, ಗಂಡಸೆಂಬ ಕಾರಣಕ್ಕೆ ಅವಳಿಂದ ಬೇರ್ಪಡಿಸಿದರೆ ಅದನ್ನು ಅವನು ಶಿಕ್ಷೆಯೆಂದೇ ತಿಳಿಯುತ್ತಾನೆ. ಮಗನನ್ನು ಬಿಟ್ಟಿರಲಾರದೆ ಆಶ್ರಯವನ್ನೇ ಬೇಡವೆನ್ನುವ ತಾಯಿಯೂ ಇರಬಹುದು. ಪ್ರತ್ಯೇಕ ಕೊಠಡಿಗಳುಳ್ಳ ವ್ಯವಸ್ಥೆಯಾದರೆ ಇಂತಹ ಬೇರ್ಪಡೆ ಅನಗತ್ಯವಾಗುತ್ತದೆ.

4. ಶಾಲೆ ಮತ್ತು ಕಾನೂನಿನ ನೆರವು

ಮಗು ಶಾಲೆಯನ್ನು ಕಳೆದುಕೊಂಡರೆ ಅದರ ಬದುಕಿನ ಕ್ರಮವೇ ಕಳಚುತ್ತದೆ. ಆದರೆ ಶಾಲೆಯ ಮೂಲಕವೇ ಮಗುವಿನ ನೆಲೆ ತಂದೆಗೆ ತಿಳಿದುಬಿಡುವ ಸಂಭವವೂ ಇದೆ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತರಿಸಿದಾಗ ಹೊಸ ಶಾಲೆಯ ಹೆಸರು ಹೊರಬೀಳುತ್ತದೆ. ಈ ಇಕ್ಕಟ್ಟಿನಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ನೆರವಿಗೆ ಬರುತ್ತದೆ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಪಡೆಯುವ ಹಕ್ಕನ್ನು ಅದರ 4ನೆಯ ಕಲಮು ಕೊಡುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡೆಯುವಂತಿಲ್ಲವೆಂದು 5ನೆಯ ಕಲಮೂ, ವಯಸ್ಸಿನ ದಾಖಲೆಯಿಲ್ಲವೆಂದು ನಿರಾಕರಿಸುವಂತಿಲ್ಲವೆಂದು 14ನೆಯ ಕಲಮೂ ಹೇಳುತ್ತವೆ. ಈ ಮೂರು ಕಲಮುಗಳನ್ನು ಬಲ್ಲ ಕಾರ್ಯಕರ್ತೆ ಒಂದು ಮಗುವಿನ ವರ್ಷವನ್ನು ಉಳಿಸಬಲ್ಲಳು.

2005ರ ಕಾಯಿದೆಯ 18ನೆಯ ಕಲಮಿನಡಿ, ಬಾಧಿತ ವ್ಯಕ್ತಿ ಮಗುವಾಗಿದ್ದಲ್ಲಿ, ಪ್ರತಿವಾದಿಯು ಅದರ ಶಾಲೆಯನ್ನು ಪ್ರವೇಶಿಸದಂತೆ ದಂಡಾಧಿಕಾರಿ ತಡೆಯಾಜ್ಞೆ ನೀಡಬಹುದು. 20ನೆಯ ಕಲಮು ಮಕ್ಕಳ ಪೋಷಣೆಯ ವೆಚ್ಚವನ್ನೂ 21ನೆಯದು ತಾತ್ಕಾಲಿಕ ಪಾಲನೆಯ ಹಕ್ಕನ್ನೂ ಕುರಿತವು. ತಂದೆಯ ಭೇಟಿ ಮಗುವಿಗೆ ಹಾನಿಕರವೆಂದು ಕಂಡಲ್ಲಿ ಅದನ್ನು ನಿರಾಕರಿಸುವ ಅಧಿಕಾರವೂ ಅಲ್ಲಿದೆ. 2006ರ ನಿಯಮಾವಳಿಯಂತೆ ಮಹಿಳೆ ಕೋರಿದಲ್ಲಿ ಆಶ್ರಯಧಾಮವು ಅವಳ ಗುರುತನ್ನು ಪ್ರತಿವಾದಿಗೆ ತಿಳಿಸುವಂತಿಲ್ಲ. ದೇಣಿಗೆ ಕೊಟ್ಟವರೊಡನೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆದು ಪ್ರಕಟಿಸುವ ಪರಿಪಾಠ ಈ ಗೋಪ್ಯತೆಗೆ ವಿರುದ್ಧವಾದುದು.

ಮುಂಬಯಿ ಈ ಕ್ಷೇತ್ರದಲ್ಲಿ ದೇಶಕ್ಕೇ ದಾರಿ ತೋರಿದ ನಗರ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇಲ್ಲಿಯ ಪೋಲೀಸು ಆಯುಕ್ತರ ಕಚೇರಿಯಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವನ್ನು ಆರಂಭಿಸಿತು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಅದೇ ಸಂಸ್ಥೆಯ ಪ್ರಯೋಗವಾಗಿ 1996ರಲ್ಲಿ ಇಲ್ಲಿಯೇ ಮೊದಲ್ಗೊಂಡಿತು. ಈಗ ಅದು ಸರಕಾರದ ನಿರ್ವಹಣೆಯಲ್ಲಿದೆ. ಮಹಿಳೆಯರಿಗಾಗಿ 181 ಸಂಖ್ಯೆಯಿದೆ.

5. ನುಡಿಯ ಪ್ರಶ್ನೆ

ಇಷ್ಟೆಲ್ಲ ಇದ್ದೂ ಮುಂಬಯಿಯ ಆಶ್ರಯಧಾಮವನ್ನು ಸೇರಿದ ಕನ್ನಡದ ಮಗುವಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಅಲ್ಲಿಯ ವ್ಯವಹಾರ ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ಶಾಲೆಗೆ ಹೋಗುವ ಮಗು ಆ ಭಾಷೆಗಳನ್ನು ಬೇಗ ಕಲಿತಿರುತ್ತದೆ; ತಾಯಿ ಕಲಿತಿರುವುದಿಲ್ಲ. ಆಗ ಪೋಲೀಸು ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಆಪ್ತಸಲಹೆಯ ಕೊಠಡಿಯಲ್ಲಿ ಮಗುವೇ ದುಭಾಷಿಯಾಗಿ ನಿಲ್ಲುತ್ತದೆ. ತನ್ನ ತಾಯಿಯನ್ನು ಎಲ್ಲಿ, ಯಾವುದರಿಂದ, ಎಷ್ಟು ಸಲ ಹೊಡೆಯಲಾಯಿತೆಂಬುದನ್ನು ಒಂಬತ್ತು ವರ್ಷದ ಹುಡುಗಿ ಒಂದು ಭಾಷೆಯಲ್ಲಿ ಕೇಳಿ ಇನ್ನೊಂದು ಭಾಷೆಯಲ್ಲಿ ಹೇಳಬೇಕಾಗುತ್ತದೆ. ಕಂಡ ಹಿಂಸೆಯನ್ನು ಅವಳು ಪುನಃ ಎರಡು ಬಾರಿ ಅನುಭವಿಸುತ್ತಾಳೆ. ತಾಯಿಯೂ ಮಗಳ ಎದುರು ಎಲ್ಲವನ್ನೂ ಹೇಳಲಾರಳು. ಹೇಳದೆ ಉಳಿದ ಮಾತು ದಾಖಲೆಗೆ ಸೇರುವುದಿಲ್ಲ. ಮಗುವನ್ನು ದುಭಾಷಿಯನ್ನಾಗಿ ಬಳಸಬಾರದೆಂಬುದು ಎಲ್ಲ ಆಶ್ರಯಧಾಮಗಳ ಕಟ್ಟುನಿಟ್ಟಿನ ನಿಯಮವಾಗಬೇಕು.

ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆ ಬೋಧನಾ ಮಾಧ್ಯಮವಾಗಿರಬೇಕೆಂದೂ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ ಮನಸ್ಸಿನ ಮಾತನ್ನು ಹೇಳಿಕೊಳ್ಳಲು ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಭಯದಿಂದ ಬಿಡುಗಡೆ ಮತ್ತು ತಾಯ್ನುಡಿ ಇವೆರಡೂ ಅಕ್ಕಪಕ್ಕದಲ್ಲಿ ಬಂದಿರುವುದು ಅರ್ಥಪೂರ್ಣವಾಗಿದೆ. ಆದರೆ ಇಲ್ಲೊಂದು ತೊಡಕನ್ನೂ ಗಮನಿಸಬೇಕು. ಮಗು ಬೈಗುಳವನ್ನು ಕೇಳಿದ್ದೂ ಅದೇ ತಾಯ್ನುಡಿಯಲ್ಲಿ. ಕೆಲವು ಮಕ್ಕಳು ಕನ್ನಡದಲ್ಲಿ ಮಾತನಾಡಲೊಲ್ಲದೆ ಹೊಸ ಭಾಷೆಯ ಮರೆಯಲ್ಲಿ ನಿಲ್ಲಬಯಸಬಹುದು. ಅವರನ್ನು ಒತ್ತಾಯಿಸಬಾರದು. ಜೋಗುಳ, ಒಗಟು, ಅಜ್ಜಿಕತೆ, ಶಿಶುಪ್ರಾಸಗಳ ಮೂಲಕ ಆ ನುಡಿಗೆ ಅದರ ಮೃದುವಾದ ಮುಖವನ್ನು ಹಿಂದಿರುಗಿಸಿದಲ್ಲಿ ಮಗು ತಾನಾಗಿಯೇ ಅತ್ತ ಮರಳಬಹುದು.

ಹೆಸರಿನ ಸಮಸ್ಯೆಯೂ ನುಡಿಗೆ ಸಂಬಂಧಿಸಿದುದೇ. ಹೊಸ ಶಾಲೆಯಲ್ಲಿ ‘ನಿನ್ನ ಮನೆ ಎಲ್ಲಿ’ ಎಂದು ಕೇಳಿದಾಗ ಮಗು ಏನೆಂದು ಉತ್ತರಿಸಬೇಕು? ‘ಅನಾಥಾಶ್ರಮ’ವೆಂದರೆ ಸುಳ್ಳಾಗುತ್ತದೆ, ಅದಕ್ಕೆ ತಾಯಿಯಿದ್ದಾಳೆ. ‘ಅಬಲಾಶ್ರಮ’ವೆಂದರೆ ತಾಯಿಗೆ ಅವಮಾನವಾಗುತ್ತದೆ, ಮನೆಯಿಂದ ಹೊರಬರುವ ಧೈರ್ಯ ತೋರಿದವಳು ಅಬಲೆಯಲ್ಲ. ‘ಅಮ್ಮನ ಜೊತೆ ಇದ್ದೇನೆ’ ಎಂಬ ಸರಳ ಉತ್ತರವನ್ನು ಮಗುವಿಗೆ ಮೊದಲೇ ಹೇಳಿಕೊಟ್ಟರೆ ಅದು ಸತ್ಯವನ್ನೂ ನುಡಿದಂತಾಗುತ್ತದೆ, ಗುಟ್ಟನ್ನೂ ಕಾಯ್ದುಕೊಂಡಂತಾಗುತ್ತದೆ.

6. ಹೊರನಾಡ ಕನ್ನಡಿಗರ ಹೊಣೆ

ಕಡಲ ತೀರದಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ಕಟ್ಟಿದ ಕೀರ್ತಿ ಮುಂಬಯಿ ಕನ್ನಡಿಗರದು. ಮನೆಯಿಂದ ದೂರವಾದ ಮಗುವಿಗೆ ಅಕ್ಷರದ ಆಸರೆ ಬೇಕೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಪರಂಪರೆಯನ್ನು ಆಶ್ರಯಧಾಮದ ಮಗುವಿನವರೆಗೂ ವಿಸ್ತರಿಸಬಹುದು. ಹೊರನಾಡಿನ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಎರಡು ಭಾಷೆಗಳನ್ನು ಬಲ್ಲ ವಿದ್ಯಾರ್ಥಿಗಳಿಗೆ ದುಭಾಷಿಯ ಕೆಲಸದಲ್ಲಿ ತರಬೇತಿ ಕೊಡಬಹುದು. ಅನುವಾದವನ್ನು ಪಠ್ಯವಾಗಿ ಬೋಧಿಸುವಲ್ಲಿ ಇದೂ ಅದರ ಒಂದು ಪ್ರಯೋಗಶಾಲೆಯಾದೀತು. ಆಶ್ರಯಧಾಮಗಳಿಗೆ ಕನ್ನಡದ ಮಕ್ಕಳ ಪುಸ್ತಕಗಳ ಒಂದು ಪೆಟ್ಟಿಗೆಯನ್ನು ಒದಗಿಸಬಹುದು. ವಾರಕ್ಕೊಮ್ಮೆ ಕಥೆ ಹೇಳುವವರನ್ನು ಕಳುಹಿಸಬಹುದು.

ಇಲ್ಲಿಯೂ ಎಚ್ಚರ ಅಗತ್ಯ. ಹೊರನಾಡಿನ ಕನ್ನಡ ಸಮಾಜ ಚಿಕ್ಕದು. ಒಂದೇ ಊರಿನ, ಒಂದೇ ಜಾತಿಯ ಸಂಘಗಳಲ್ಲಿ ಎಲ್ಲರೂ ಪರಸ್ಪರ ಬಲ್ಲವರು. ನೆರವಾಗಲೆಂದು ಬಂದ ದುಭಾಷಿ ಆ ಗಂಡಸಿನ ಪರಿಚಿತನಾಗಿದ್ದರೆ ಒಂದು ಮಾತಿನಿಂದ ತಾಯಿಮಕ್ಕಳ ನೆಲೆ ಬಯಲಾದೀತು. ಆದುದರಿಂದ ಯಾರು, ಯಾವ ಊರಿನವರೆಂದು ತಾಯಿಗೆ ಮೊದಲೇ ತಿಳಿಸಿ ಅವಳ ಒಪ್ಪಿಗೆ ಪಡೆಯಬೇಕು. ಸಂಘದ ಹಿರಿಯರು ‘ಹೊಂದಿಕೊಂಡು ಹೋಗು’ ಎಂದು ಸಂಧಾನಕ್ಕೆ ಹೊರಡುವ ಮುನ್ನ, ಮನೆ ತೊರೆಯುವ ಸಮಯವೂ ಅನಂತರದ ದಿನಗಳೂ ಹೆಣ್ಣಿಗೆ ಅತ್ಯಂತ ಅಪಾಯದವೆಂಬುದನ್ನು ನೆನಪಿಡಬೇಕು.

ಆಶ್ರಯಧಾಮ ಕೊನೆಯ ನಿಲುಗಡೆಯಲ್ಲ. ಅಲ್ಲಿಂದ ಹೊರಡುವುದು ಮಗುವಿಗೆ ಮತ್ತೊಂದು ಅಗಲಿಕೆ. ಹೊರಡುವ ದಿನವನ್ನು ಮುಂಚಿತವಾಗಿ ತಿಳಿಸಿ, ಗೆಳೆಯರಿಗೆ ವಿದಾಯ ಹೇಳಲು ಅವಕಾಶ ಮಾಡಿ, ಸಾಧ್ಯವಾದಲ್ಲಿ ಅದೇ ಶಾಲೆಯಲ್ಲಿ ಮುಂದುವರಿಯುವಂತೆ ನೋಡಿಕೊಳ್ಳುವುದು ಆಶ್ರಯದ ಕೊನೆಯ ಕರ್ತವ್ಯ. ಗೋವಿನ ಹಾಡಿನಲ್ಲಿ ಸಾವಿನೆಡೆಗೆ ನಡೆಯುವ ಪುಣ್ಯಕೋಟಿ ತನ್ನ ಕರುವನ್ನು ಒಡಹುಟ್ಟಿದ ಗೋವುಗಳ ಕೈಗೊಪ್ಪಿಸುತ್ತಾಳೆ. ಕನ್ನಡಿಗರು ಆ ಕಥೆಯಲ್ಲಿ ಸತ್ಯದ ಮಹಿಮೆಯನ್ನು ಕಂಡು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಕರುವನ್ನು ವಹಿಸಿಕೊಂಡ ಆ ಗೋವುಗಳ ಹೊಣೆಯೂ ಅಷ್ಟೇ ಮಹತ್ವದ್ದು. ತಾಯಿ ಜೀವಂತವಾಗಿದ್ದು ತನ್ನ ಕೂಸನ್ನು ಕಾಯಲು ಹೆಣಗುತ್ತಿರುವಾಗ, ಅವಳ ನುಡಿಯನ್ನು ಬಲ್ಲವರು ಅವಳ ಪಕ್ಕದಲ್ಲಿ ನಿಲ್ಲುವುದು ಭಾಷಾಭಿಮಾನದ ಅತ್ಯಂತ ಸಾರ್ಥಕವಾದ ರೂಪಗಳಲ್ಲಿ ಒಂದೆನ್ನಬಹುದು.